ಟ್ರಿಮ್ಮೀಮಾಂಸೆ: ಕಿರವತ್ತಿ ಪಾಠ

ವಿಮಾನವನ್ನು ಕುರಿತು ಕನ್ನಡನಾಡಿನಲ್ಲಿ ಹುಟ್ಟಿದ ಶಾಸ್ತ್ರಗ್ರಂಥ ಇದೇ ಮೊದಲನೆಯದೇನಲ್ಲ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ ನಮಗಿಂತ ನೂರು ವರ್ಷ ಹಿರಿದು. ವೆಂಕಟಾಚಲ ಶರ್ಮರು ಬರೆದುಕೊಂಡರು. ಬೆಂಗಳೂರಿನ ಎಲ್ಲಪ್ಪ ಎಂಬ ನಕ್ಷೆಗಾರರು ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಚಿತ್ರ ತೆಗೆದುಕೊಟ್ಟರು. ಮೈಸೂರಿನ ಜಿ. ಆರ್. ಜೋಸ್ಯರ್ 1973ರಲ್ಲಿ ಅದನ್ನು ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದರು. ಮರುವರ್ಷವೇ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಸಂಗಡಿಗರು, ಒಟ್ಟು ಐವರು, ಗ್ರಂಥವನ್ನು ಒರೆಗೆ ಹಚ್ಚಿ ನಾಲ್ಕರಲ್ಲಿ ಒಂದಕ್ಕೂ ಹಾರುವ ಯೋಗವಿಲ್ಲವೆಂದು ತೀರ್ಪು ಕೊಟ್ಟರು.

ತೀರ್ಪಿನ ಬಗ್ಗೆ ನಮ್ಮ ತಕರಾರಿಲ್ಲ. ಆ ಗ್ರಂಥದಲ್ಲಿ ಬಗೆಬಗೆಯ ಲೋಹಗಳಿವೆ, ಕನ್ನಡಿಗಳಿವೆ, ವೈಮಾನಿಕನು ಏನುಣ್ಣಬೇಕು, ಏನುಡಬೇಕು ಎಂಬುದೂ ಇದೆ. ಆದರೆ ಏರಿದ ವಿಮಾನ ಎಡಕ್ಕೇ ಎಳೆಯುತ್ತಿದ್ದರೆ ಮಾಡಬೇಕಾದ್ದೇನು ಎಂಬುದು ನಮ್ಮ ಕಣ್ಣಿಗೆ ಬೀಳಲಿಲ್ಲ. ಹಾರದ ವಿಮಾನಕ್ಕೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ ಎಂಬ ಸಮಾಧಾನವನ್ನು ಒಪ್ಪಿಕೊಂಡು, ಹಾರುವ ವಿಮಾನಗಳ ಮಟ್ಟಿಗೆ ಆ ಕೊರತೆ ತುಂಬಲು ಈ ಗ್ರಂಥ ಹೊರಟಿದೆ. ಮಾದರಿ ವಿಮಾನಕ್ಕೆಂದು ಹೊಸದಾಗಿ ತಂದ ಟ್ರಾನ್ಸ್‌ಮಿಟರ್, ಅಂದರೆ ಕೊರಳಿಗೆ ನೇತುಹಾಕಿಕೊಂಡು ಎರಡು ಹೆಬ್ಬೆರಳುಗಳಿಂದ ಆಡಿಸುವ ಪೆಟ್ಟಿಗೆ, ಅದನ್ನು ವಿಮಾನಕ್ಕೆ ಹೊಂದಿಸುವುದು, ಹೊಂದಿಸಿದ್ದನ್ನು ಟ್ರಿಮ್ ಮಾಡುವುದು, ಅಂದರೆ ನೇರ ಹಾರುವಂತೆ ತಿದ್ದುವುದು: ಇಷ್ಟು ವಿಷಯ.

ದೇಶ, ಕಾಲ, ಅಧಿಕಾರಿ

ದೇಶ ಕಿರವತ್ತಿ. ಯಲ್ಲಾಪುರ ತಾಲ್ಲೂಕಿನ ಈ ಊರು ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯ ಮೇಲಿದೆ. ಹೆದ್ದಾರಿಯ ಸಂಖ್ಯೆ ಹಳೆಯ ಪಾಠದಲ್ಲಿ 63, ಹೊಸ ಪಾಠದಲ್ಲಿ 52. ಲಾರಿಯವರು ಎರಡು ಪಾಠಗಳಲ್ಲೂ ಒಂದೇ ವೇಗದಲ್ಲಿ ಹೋಗುತ್ತಾರೆ. ಶಿರಸಿ, ಸಿದ್ದಾಪುರದ ಕಡೆಯ ವಿದ್ವಾಂಸರು “ಇಷ್ಟು ದೊಡ್ಡ ಶಾಸ್ತ್ರಕ್ಕೆ ಕಿರವತ್ತಿಯೇ ಏಕೆ?” ಎಂದು ಆಕ್ಷೇಪಿಸುವುದುಂಟು. ಅವರ ಊರುಗಳಲ್ಲಿ ಹಾರಿಸಿದ ವಿಮಾನ ಅಂಗಳದಿಂದ ಎದ್ದು ಅಡಿಕೆ ಮರದ ಕೊನೆಯಲ್ಲಿ ಕೂರುತ್ತದೆ. ಇಳಿಸಲು ಕೊನೆಗೌಡನಿಗೆ ಹೇಳಿ ಕಳಿಸಬೇಕು. ಅವನು ಕೊನೆಕೊಯ್ಲಿಗೇ ಸಿಗುವುದು ದುರ್ಲಭವಾಗಿರುವಾಗ ವಿಮಾನಕ್ಕೆ ಬರುತ್ತಾನೆಯೇ? ಕಿರವತ್ತಿಯಲ್ಲಿ ಮಲೆನಾಡು ಮುಗಿಯುತ್ತ ಬಂದಿರುತ್ತದೆ. ಸಾಗವಾನಿ ಪ್ಲಾಂಟೇಶನ್ನಿನ ಆಚೆಗೆ ಗದ್ದೆ ಬಯಲು ಸಿಗುತ್ತದೆ. ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಡ.

ಸಾಗವಾನಿ ಎಂದೊಡನೆ ಒಂದು ಉಪಾಕ್ಷೇಪ ಏಳುತ್ತದೆ. ಮಾದರಿ ವಿಮಾನಕ್ಕೆ ಲೋಕದಲ್ಲೆಲ್ಲ ಬಾಲ್ಸಾ ಎಂಬ ದಕ್ಷಿಣ ಅಮೆರಿಕದ ಮರ ಪ್ರಶಸ್ತ. ಕಾಲಬುಡದಲ್ಲೇ ಇಷ್ಟು ಉತ್ತಮ ಸಾಗವಾನಿ ಇರುವಾಗ ಅದೇಕೆ? ಏಕೆಂದರೆ ಬಾಲ್ಸಾ ಘನ ಮೀಟರಿಗೆ ಸುಮಾರು 160 ಕಿಲೋ, ಸಾಗವಾನಿ 650ರ ಆಸುಪಾಸು. ಸಾಗವಾನಿ ರೆಕ್ಕೆಯ ವಿಮಾನ ಮೊಮ್ಮಕ್ಕಳ ಕಾಲಕ್ಕೂ ಗೆದ್ದಲು ಹಿಡಿಯದೆ ನಿಂತಲ್ಲೇ ನಿಂತಿರುತ್ತದೆ. ಬಾಲ್ಸಾ ದುಬಾರಿ. ಆದ್ದರಿಂದ ಎರಡು ಪಕ್ಷಗಳನ್ನೂ ಬಿಟ್ಟು ಥರ್ಮೋಕೋಲ್ ಹಾಳೆ ಎಂಬುದು ಸಿದ್ಧಾಂತ.

ಕಾಲ: ಭತ್ತದ ಕೊಯ್ಲಾದ ಮೇಲೆ, ಬೆಳಗಿನ ಗಾಳಿ ಏಳುವ ಮೊದಲು. ಮಳೆಗಾಲ ವರ್ಜ್ಯ. ವಿಮಾನ ನೆನೆಯುವುದೊಂದೇ ಕಾರಣವಲ್ಲ. ಇನ್ನೊಂದನ್ನು ಮುಂದೆ ಹೇಳುತ್ತೇವೆ.

ಅಧಿಕಾರಿ ಯಾರೆಂಬುದನ್ನು 2021ರ ಆಗಸ್ಟ್ 25ರಂದು ಹೊರಬಿದ್ದ ಡ್ರೋನ್ ನಿಯಮಗಳು ಹೇಳುತ್ತವೆ. 250 ಗ್ರಾಂ ಮೀರದ್ದು ನ್ಯಾನೋ, ಅಲ್ಲಿಂದ 2 ಕಿಲೋವರೆಗೆ ಮೈಕ್ರೋ. ವ್ಯಾಪಾರದ ಉದ್ದೇಶವಿಲ್ಲದೆ ಮೈಕ್ರೋ ಹಾರಿಸುವವನಿಗೆ ಪೈಲಟ್ ಪರವಾನಗಿ ಬೇಡ. ಹಸಿರು ವಲಯದಲ್ಲಿ 400 ಅಡಿವರೆಗೆ ಅಪ್ಪಣೆ ಕೇಳಬೇಕಾಗಿಲ್ಲ. ವಿಮಾನ ನಿಲ್ದಾಣದ ಸುತ್ತ 12 ಕಿಲೋಮೀಟರ್‌ವರೆಗೆ ಹೆಚ್ಚಿನ ನಿರ್ಬಂಧ. ಹುಬ್ಬಳ್ಳಿಯ ನಿಲ್ದಾಣ ನಮಗೆ ಅದಕ್ಕಿಂತ ಎಷ್ಟೋ ದೂರ. ಆದರೆ ಒಂದು ಕಡೆ ಕೈಗಾ ಅಣುಸ್ಥಾವರ, ಇನ್ನೊಂದು ಕಡೆ ಕಾರವಾರದ ನೌಕಾನೆಲೆ ಇರುವ ಜಿಲ್ಲೆ ಇದು. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡದೆ ಹಾರಿಸುವವನು ಶಾಸ್ತ್ರಬಾಹಿರ. ನಿಯಮಗಳಲ್ಲಿ ಹೇಳದೆ ಬಿಟ್ಟ ಒಂದು ಅರ್ಹತೆಯೂ ಇದೆ: ಗದ್ದೆಯ ಯಜಮಾನರ ಒಪ್ಪಿಗೆ. ಅವರು ಒಪ್ಪಿಗೆ ಕೊಡುವ ಮುಂಚೆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ತೂಗಿ, “ಭಟ್ರ, ಇದರಿಂದ ಮಂಗ್ಯಾ ಓಡ್ತಾವೇನ್ರಿ?” ಎಂದು ಕೇಳಿದರು.

ಪ್ರಶ್ನೆ ಗಹನವಾದದ್ದು, ಅದಕ್ಕೆ ಗುರುಪರಂಪರೆಯಲ್ಲಿ ಆಧಾರವಿದೆ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ತಂತಿಯಿಲ್ಲದೆ ಪುಟ್ಟ ದೋಣಿ ಓಡಿಸಿ ತೋರಿಸಿದಾಗ, ಒಳಗೆ ಪಳಗಿಸಿದ ಮಂಗವೊಂದು ಕೂತಿದೆ ಎಂದು ನೋಡಿದವರಲ್ಲಿ ಕೆಲವರು ವಾದಿಸಿದರಂತೆ. ಅಂದರೆ ರೇಡಿಯೋ ನಿಯಂತ್ರಣಕ್ಕೂ ಮಂಗಕ್ಕೂ ಇರುವ ಸಂಬಂಧ ಅನಾದಿ. ನ್ಯೂಯಾರ್ಕಿನವರು ಮಂಗ ಒಳಗಿದೆಯೆಂದರು, ಕಿರವತ್ತಿಯವರು ಹೊರಗೆ ಹೋಗಬೇಕೆನ್ನುತ್ತಾರೆ. ಇಷ್ಟೇ ಭೇದ.

ಟೆಸ್ಲಾ ನಂತರ 1937ರಲ್ಲಿ ಅಮೆರಿಕದ ಗುಡ್ ಸಹೋದರರು ‘ಗಫ್’ ಎಂಬ ಮಾದರಿ ವಿಮಾನವನ್ನು ರೇಡಿಯೋದಿಂದ ಹಾರಿಸಿದರು. ಪರಂಪರೆಯ ಮುಂದಿನ ಗುರು ಸಿನಿಮಾ ನಟಿ. ಹೆಡಿ ಲಮಾರ್, ಸಂಗೀತಗಾರ ಜಾರ್ಜ್ ಆಂಥೀಲ್ ಜೊತೆಗೂಡಿ 1942ರಲ್ಲಿ ಪಡೆದ ಪೇಟೆಂಟಿನಲ್ಲಿ, ಟಾರ್ಪೆಡೊ ನಡೆಸುವ ಅಲೆ ಒಂದೇ ಕಡೆ ನಿಲ್ಲದೆ 88 ಕಂಪನಾಂಕಗಳ ನಡುವೆ ಜಿಗಿಯುತ್ತಿರಲಿ, ಆಗ ಶತ್ರುವಿಗೆ ಕೆಡಿಸಲಾಗದು ಎಂಬ ಉಪಾಯವಿತ್ತು. 88 ಎಂಬುದು ಪಿಯಾನೋದ ಮನೆಗಳ ಸಂಖ್ಯೆ. ಇಂದಿನ 2.4 ಗಿಗಾಹರ್ಟ್ಸ್ ಪೆಟ್ಟಿಗೆಗಳೂ ಹಾಗೆಯೇ ಜಿಗಿಯುತ್ತವೆ. ಹಿಂದೆ ಕಂಪನಾಂಕ ಗೊತ್ತುಮಾಡುವ ಕ್ರಿಸ್ಟಲ್ ಸಿಕ್ಕಿಸುವ ಕಾಲದಲ್ಲಿ ಒಂದೇ ಮೈದಾನದಲ್ಲಿ ಇಬ್ಬರು ಒಂದೇ ಚಾನೆಲ್ ಹಚ್ಚಿದರೆ ಎರಡೂ ವಿಮಾನ ನೆಲಕ್ಕೆ. 2.4ರ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಾಧನ ಬಳಸಲು ಭಾರತದಲ್ಲಿ 2005ರಿಂದ ಲೈಸೆನ್ಸಿನ ಕಾಟವಿಲ್ಲ.

ಈ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಅದರ ಕಾಲು ಭಾಗ, ಮೂರು ಸೆಂಟಿಮೀಟರ್ ಚಿಲ್ಲರೆ, ವಿಮಾನದೊಳಗಿನ ರಿಸೀವರಿನ ಆಂಟೆನಾ ತುದಿಯಲ್ಲಿ ಸಿಪ್ಪೆ ಸುಲಿದ ತಂತಿಯಾಗಿ ಕಾಣುತ್ತದೆ. ‘ಉದ್ದವಾಯಿತು’ ಎಂದು ಅದನ್ನು ಕತ್ತರಿಸಬಾರದು. ನೀರು ತುಂಬಿದ ಎಲೆ ಈ ಅಲೆಯನ್ನು ಹೀರಿಬಿಡುತ್ತದೆ. ಸೊಪ್ಪು ತುಂಬಿದ ಸಾಗವಾನಿಯ ಹಿಂದೆ ಹೋದ ವಿಮಾನಕ್ಕೆ ನಮ್ಮ ಮಾತು ಕೇಳಿಸುವುದು ಕಷ್ಟ. ಮಳೆಗಾಲ ವರ್ಜ್ಯವೆಂದದ್ದು ಇದಕ್ಕೂ. ಪೆಟ್ಟಿಗೆಯ ಆಂಟೆನಾದ ತುದಿಯನ್ನು ವಿಮಾನದತ್ತ ಈಟಿಯ ಹಾಗೆ ಚಾಚುವವರಿದ್ದಾರೆ. ಅಲೆ ಹೊರಡುವುದು ಆಂಟೆನಾದ ಪಕ್ಕದಿಂದ. ತುದಿಯಿಂದ ಹೊರಡುವುದು ಅತ್ಯಲ್ಪ.

ಮೂಲಗ್ರಂಥದ ಪಾಠಶೋಧನೆ

ಪೆಟ್ಟಿಗೆಯ ಜೊತೆಗೆ ಕೈಪಿಡಿಯೊಂದು ಬರುತ್ತದೆ. ನಮಗೆ ದೊರೆತ ಪ್ರತಿಯಲ್ಲಿ ಚೀನೀ ಪಾಠ ಅಖಂಡವಾಗಿದೆ. ಇಂಗ್ಲಿಷ್ ಪಾಠವನ್ನು ಇನ್ನೊಬ್ಬ ಲಿಪಿಕಾರ ಇನ್ನೊಂದು ಪೆಟ್ಟಿಗೆಯನ್ನು ನೋಡಿ ಬರೆದಂತಿದೆ. ಚಿತ್ರದಲ್ಲಿರುವ ಗುಂಡಿ ಪೆಟ್ಟಿಗೆಯಲ್ಲಿಲ್ಲ, ಪೆಟ್ಟಿಗೆಯಲ್ಲಿರುವ ಗುಂಡಿ ಚಿತ್ರದಲ್ಲಿಲ್ಲ. ಮೇಲಾಗಿ, ಆಸ್ರಿಗೆಗೆಂದು ಕೊಟ್ಟ ಕೋಕಂ ಪಾನಕ ಚೆಲ್ಲಿ ಎರಡು ಹಾಳೆ ಕೆಂಪಾಗಿವೆ. ಅಲ್ಲಿಯೇ ಫೇಲ್‌ಸೇಫ್ ಪ್ರಕರಣವಿತ್ತೆಂದು ಊಹೆ. ಯೂಟ್ಯೂಬಿನ ಭಾಷ್ಯಕಾರರು ಅನೇಕರಿದ್ದರೂ ಅವರು ಮೊದಲ ಕಾಲುಭಾಗವನ್ನು ಸಬ್‌ಸ್ಕ್ರೈಬ್ ಪ್ರಾರ್ಥನೆಗೇ ವ್ಯಯಿಸುವುದರಿಂದ ಅವರ ವಚನಗಳನ್ನು ಗೌಣಪ್ರಮಾಣವೆಂದು ಗಣಿಸಿದ್ದೇವೆ.

ಸ್ವಿಚ್ ಒತ್ತಿದೊಡನೆ ಪೆಟ್ಟಿಗೆ ಕಿರುಚುತ್ತದೆ. ಎಲ್ಲ ಸ್ವಿಚ್ಚುಗಳು ಮೇಲಿರಲಿ, ಮೋಟಾರಿನ ವೇಗ ಏರಿಳಿಸುವ ಥ್ರಾಟಲ್ ಕೆಳಗಿರಲಿ, ಆಮೇಲೆ ಮಾತು ಎಂಬುದು ಅದರ ಅರ್ಥ. ಅಗ್ಗದ ಪೆಟ್ಟಿಗೆಯೂ ಬಿಡದ ಮಡಿ ಇದು. ಥ್ರಾಟಲ್ ಮೇಲಿದ್ದಾಗ ಮೋಟಾರು ಜೋಡಿಸಿದರೆ ಬೆರಳಿಗೇ ಬರುತ್ತದೆ. ಹೊಂದಿಸುವ ಕೆಲಸವೆಲ್ಲ ಮುಗಿಯುವವರೆಗೆ ಪ್ರೊಪೆಲ್ಲರ್ ಬಿಚ್ಚಿಟ್ಟಿರಬೇಕು. ಈ ವಾಕ್ಯದ ಮೇಲೆ ಭಾಷ್ಯವಿಲ್ಲ, ಪಾಠಾಂತರವೂ ಇಲ್ಲ.

ಬೈಂಡ್ ಎಂಬುದು ಪೆಟ್ಟಿಗೆಗೂ ರಿಸೀವರಿಗೂ ಮಾಡಿಸುವ ವಿವಾಹ. ರಿಸೀವರಿಗೆ ಬೈಂಡ್ ಪ್ಲಗ್ ಸಿಕ್ಕಿಸಿ ವಿದ್ಯುತ್ ಕೊಟ್ಟರೆ ಕೆಂಪು ದೀಪ ಅವಸರದಿಂದ ಮಿಣುಕುತ್ತದೆ. ಪೆಟ್ಟಿಗೆಯ ಬೈಂಡ್ ಗುಂಡಿ ಒತ್ತಿಕೊಂಡೇ ಸ್ವಿಚ್ ಹಾಕಿದರೆ ಅವಸರ ಇಳಿಯುತ್ತದೆ. ಪ್ಲಗ್ ಕಿತ್ತು ಮತ್ತೆ ವಿದ್ಯುತ್ ಕೊಟ್ಟರೆ ದೀಪ ಸ್ಥಿರ. ಮುಂದೆ ಆ ರಿಸೀವರ್ ಬೇರೆ ಪೆಟ್ಟಿಗೆಯ ಮಾತಿಗೆ ಕಿವಿಗೊಡುವುದಿಲ್ಲ. ಆದರೆ ಪೆಟ್ಟಿಗೆಯು ಅನೇಕ ವಿಮಾನಗಳನ್ನು ನೆನಪಿಟ್ಟುಕೊಳ್ಳುತ್ತದೆ ಎಂಬ ಅಸಮಾನತೆಯನ್ನು ಧರ್ಮಶಾಸ್ತ್ರಜ್ಞರು ಗಮನಿಸಬೇಕು. ಹಾರುವ ಮುನ್ನ ಪರದೆಯ ಮೇಲೆ ಯಾವ ವಿಮಾನದ ಹೆಸರಿದೆ ಎಂದು ನೋಡದವನ ಐಲೆರಾನ್, ಅಂದರೆ ರೆಕ್ಕೆಯ ಹಿಂದಂಚಿನಲ್ಲಿ ಆಡುವ ಪಟ್ಟಿ, ಉಲ್ಟಾ ಆಗಿರುವ ಸಂಭವ ಹೆಚ್ಚು.

ಪೆಟ್ಟಿಗೆವಾದ, ತಂತಿವಾದ

ಇನ್ನು ಗ್ರಂಥದ ಹೃದಯ. ಇಲ್ಲಿ ಎರಡು ಪಕ್ಷಗಳಿವೆ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಮಾಣಿ ಪೆಟ್ಟಿಗೆವಾದಿ. ಪಂಪ್‌ಸೆಟ್ಟು ಬಿಚ್ಚಿ ಜೋಡಿಸಿ ಕೈ ಪಳಗಿದ ಅವನಪ್ಪ, ಅಂದರೆ ನಮ್ಮ ಭಾವ, ತಂತಿವಾದಿ. ಜಗಲಿಯ ಮೇಲೆ ಮಗುಚಿ ಮಲಗಿಸಿದ ವಿಮಾನದ ಎರಡು ಪಕ್ಕದಲ್ಲಿ ಕೂತು ಇಬ್ಬರೂ ತಾಳಮದ್ದಳೆಯ ಅರ್ಥಧಾರಿಗಳಂತೆ, ಎದುರಾಳಿಯ ಮಾತು ಮುಗಿಯುವವರೆಗೆ ಕಾದು, ಅದನ್ನೇ ಎತ್ತಿಕೊಂಡು ಹರಿದುಹಾಕುತ್ತಿದ್ದರು.

“ಅಪ್ಪಯ್ಯ, ಮೆನುವಿನಲ್ಲೇ ಎಲ್ಲ ಸರಿ ಮಾಡಲಾಗ್ತು. ಇಕ್ಕಳ ಎಂತಕ್ಕೆ?”

“ತಂತಿ ಸೊಟ್ಟ ಇದ್ರೆ ತಂತಿ ತಿದ್ದವು, ಮಾಣಿ. ಪೆಟ್ಟಿಗೆ ತಿದ್ದಿರೆ ತಂತಿ ಸೊಟ್ಟವೇ ಉಳೀತು.”

ಪೂರ್ವಪಕ್ಷವನ್ನು ಪೂರ್ತಿ ಕೇಳಬೇಕು. ರೆಕ್ಕೆಯೊಳಗಿನ ಪುಟ್ಟ ಸರ್ವೋ ಮೋಟಾರಿಗೆ ಸೆಕೆಂಡಿಗೆ 50 ಸಲ ಒಂದು ಸ್ಪಂದನ ಬರುತ್ತದೆ. ಅದರ ಅಗಲ 1500 ಮೈಕ್ರೋಸೆಕೆಂಡ್ ಇದ್ದರೆ ತೋಳು ನಡುವಿಗೆ. 1000ಕ್ಕೆ ಒಂದು ತುದಿ, 2000ಕ್ಕೆ ಇನ್ನೊಂದು. ಪೆಟ್ಟಿಗೆಯಲ್ಲಿ ಮಾಡುವುದೆಲ್ಲ ಈ ಸಂಖ್ಯೆಯನ್ನು ಆಚೀಚೆ ಸರಿಸುವ ಕೆಲಸ. ರಿವರ್ಸ್ ಎಂದರೆ ತುದಿಗಳ ಅದಲುಬದಲು. ಎಂಡ್‌ಪಾಯಿಂಟ್ ಎಂದರೆ ತುದಿ ಎಲ್ಲಿ ನಿಲ್ಲಬೇಕೆಂಬುದು. ಸಬ್‌ಟ್ರಿಮ್ ನಡುವನ್ನೇ ಸರಿಸುತ್ತದೆ. ಟ್ರಿಮ್ಮೂ ನಡುವನ್ನೇ ಸರಿಸುತ್ತದೆ, ಆದರೆ ಹಾರುತ್ತಿರುವಾಗ, ಹೆಬ್ಬೆರಳ ಪಕ್ಕದ ಪುಟ್ಟ ಗುಂಡಿಯಿಂದ, ಒಂದೊಂದು ಒತ್ತಿಗೆ ಒಂದೊಂದು ಪಿಕ್ ಎನ್ನುತ್ತ. ಎಲ್ಲವೂ ಸಂಖ್ಯೆಯೇ ಆದಮೇಲೆ ಸಂಖ್ಯೆಯನ್ನು ಸಂಖ್ಯೆಯಿಂದ ತಿದ್ದುವುದು ಬಿಟ್ಟು ಇಕ್ಕಳ ಹಿಡಿಯುವುದೇಕೆ ಎಂದು ಮಾಣಿಯ ವಾದ.

ಭಾವ ಮಾತಾಡದೆ ಸರ್ವೋದ ತೋಳು ಬಿಚ್ಚಿ ತೋರಿಸಿದರು. ಅಚ್ಚಿನ ಮೇಲೆ ಸಣ್ಣ ಹಲ್ಲುಗಳಿವೆ. ಫುಟಾಬ ಸಂಪ್ರದಾಯದಲ್ಲಿ 25, ಹೈಟೆಕ್ ಸಂಪ್ರದಾಯದಲ್ಲಿ 24, ಜೆಆರ್ ಸಂಪ್ರದಾಯದಲ್ಲಿ 23. ಒಬ್ಬರ ತೋಳು ಇನ್ನೊಬ್ಬರ ಅಚ್ಚಿಗೆ ಕೂರುವುದಿಲ್ಲ. 25 ಹಲ್ಲಿದ್ದರೆ ಒಂದು ಹಲ್ಲಿನಿಂದ ಇನ್ನೊಂದಕ್ಕೆ 14.4 ಡಿಗ್ರಿ. ಮಾಣಿ ಮೊದಲು ತೋಳನ್ನು ಸಿಕ್ಕಿದ ಹಲ್ಲಿಗೆ ಒತ್ತಿ, ಉಳಿದ ಓರೆಯನ್ನೆಲ್ಲ ಸಬ್‌ಟ್ರಿಮ್ಮಿನಿಂದ ತಿದ್ದಿದ್ದ. ಕಣ್ಣಿಗೆ ನೆಟ್ಟಗೆ ಕಂಡಿತು. ಆದರೆ ಪೆಟ್ಟಿಗೆಯ ಕಡ್ಡಿಯನ್ನು ಬಲಕ್ಕೆ ಪೂರ್ತಿ ಒತ್ತಿದಾಗ ಐಲೆರಾನ್ ಎರಡು ಬೆರಳು ಎದ್ದಿತು, ಎಡಕ್ಕೆ ಒತ್ತಿದಾಗ ಒಂದು ಬೆರಳೂ ಇಳಿಯಲಿಲ್ಲ. ನಡುವನ್ನು ಒಂದು ಕಡೆಗೆ ತಳ್ಳಿದ್ದರಿಂದ ಆ ಕಡೆಯ ಜಾಗ ಖರ್ಚಾಗಿತ್ತು. ಭಾವ ಸಬ್‌ಟ್ರಿಮ್ ಸೊನ್ನೆ ಮಾಡಿಸಿದರು, ತೋಳನ್ನು ಒಂದು ಹಲ್ಲು ತಿರುಗಿಸಿ ಕೂರಿಸಿದರು, ಕ್ಲೆವಿಸ್ಸನ್ನು, ಅಂದರೆ ತೋಳಿನಿಂದ ಐಲೆರಾನಿಗೆ ಹೋಗುವ ತಂತಿಯ ತುದಿಯ ಕೊಂಡಿಯನ್ನು, ತಂತಿಯ ಮರೆಯ ಮೇಲೆ ಎರಡು ಸುತ್ತು ಒಳಗೆ ತಿರುಗಿಸಿದರು. ಇನ್ನೂ ಕೂದಲೆಳೆ ಓರೆ ಉಳಿಯಿತು. “ಈಗ ನಿನ್ನ ಮೆನು,” ಎಂದು ಕವಳದ ತಟ್ಟೆಗೆ ಕೈ ಹಾಕಿದರು.

ಇದರಿಂದ ಸಿದ್ಧಾಂತ: ದಿಕ್ಕು ತಪ್ಪಿದ್ದರೆ ಪೆಟ್ಟಿಗೆ, ನಡು ತಪ್ಪಿದ್ದರೆ ಹಲ್ಲು ಮತ್ತು ತಂತಿ, ಹಲ್ಲಿಗೂ ತಂತಿಗೂ ದಕ್ಕದ ಶೇಷಕ್ಕೆ ಸಬ್‌ಟ್ರಿಮ್. ಟ್ರಿಮ್ಮಿಗೆ ನೆಲದ ಮೇಲೆ ಕೆಲಸವಿಲ್ಲ. ಅದು ಸೊನ್ನೆಯಲ್ಲೇ ಏರಬೇಕು.

ದಿಕ್ಕಿನ ವಿಚಾರದಲ್ಲಿ ಸೂತ್ರ ಚಿಕ್ಕದು. ಬಲಕ್ಕೆ ಒತ್ತಿದರೆ ಬಲದ ಐಲೆರಾನ್ ಏಳಬೇಕು. ಕಡ್ಡಿಯನ್ನು ಹೊಟ್ಟೆಯ ಕಡೆಗೆ ಎಳೆದರೆ ಬಾಲದ ಎಲಿವೇಟರ್ ಏಳಬೇಕು. ವಿಮಾನದ ಹಿಂದೆ ನಿಂತು ನೋಡಬೇಕು. ಮುಂದೆ ನಿಂತು ನೋಡಿ ಸರಿಯಿದೆಯೆಂದವರ ಸಂತತಿ ಎಲ್ಲ ಊರಲ್ಲೂ ಇದೆ.

ಸಂಪ್ರದಾಯಭೇದಗಳಲ್ಲಿ ಎರಡನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇವೆ. ಥ್ರಾಟಲ್ ಬಲಗೈಗಿದ್ದರೆ ಮೋಡ್ 1, ಎಡಗೈಗಿದ್ದರೆ ಮೋಡ್ 2. ಜಪಾನಿನಲ್ಲಿ ಮೊದಲನೆಯದಕ್ಕೆ ಮರ್ಯಾದೆ, ಅಮೆರಿಕದಲ್ಲಿ ಎರಡನೆಯದಕ್ಕೆ. ನಮ್ಮ ದೇಶದ ಅಂಗಡಿಗಳಲ್ಲಿ ಕೇಳದೆಯೇ ಎರಡನೆಯದನ್ನು ಕೊಡುತ್ತಾರೆ. ಒಬ್ಬನ ವಿಮಾನವನ್ನು ಇನ್ನೊಂದು ಮೋಡಿನವನ ಕೈಗೆ ಕೊಟ್ಟರೆ ಸ್ನೇಹ ಮತ್ತು ವಿಮಾನ ಎರಡೂ ಉಳಿಯುವುದಿಲ್ಲ. ಎರಡನೆಯ ಭೇದ ಸೂಕ್ಷ್ಮ. ಕಡ್ಡಿಯ ನಡುಭಾಗದ ಚುರುಕು ತಗ್ಗಿಸುವ ಎಕ್ಸ್‌ಪೋ ಎಂಬುದಿದೆ. ಹೊಸಬರಿಗೆ ಶೇಕಡಾ ಮೂವತ್ತು ಹಿತ. ಫುಟಾಬದಲ್ಲಿ ಚುರುಕು ತಗ್ಗಬೇಕಾದರೆ ಋಣ ಮೂವತ್ತು, ಸ್ಪೆಕ್ಟ್ರಮ್ಮಿನಲ್ಲಿ ಧನ ಮೂವತ್ತು. ಒಂದು ಸಂಪ್ರದಾಯದ ಸಂಖ್ಯೆಯನ್ನು ಇನ್ನೊಂದರ ಪೆಟ್ಟಿಗೆಗೆ ನಕಲು ಮಾಡಿದವನಿಗೆ ತಾನು ಮೂಲಕ್ಕೆ ನಿಷ್ಠನಾಗಿದ್ದೆನೆಂಬ ತೃಪ್ತಿ ಉಳಿಯುತ್ತದೆ, ಬೇರೇನೂ ಉಳಿಯುವುದಿಲ್ಲ.

ಕೋಕಂ ಪಾನಕದಲ್ಲಿ ಲುಪ್ತವಾದ ಫೇಲ್‌ಸೇಫ್ ಪ್ರಕರಣವನ್ನು ಪುನಾರಚಿಸಿ ಕೊಟ್ಟಿದೆ: ಸಂಪರ್ಕ ಕಡಿದರೆ ಮೋಟಾರು ತಾನಾಗಿ ನಿಲ್ಲಬೇಕು. ಹಾಗೆಂದು ಪೆಟ್ಟಿಗೆಗೆ ಹೇಳಿಟ್ಟರೆ ಸಾಲದು. ವಿಮಾನವನ್ನು ಒಬ್ಬರು ಗಟ್ಟಿಯಾಗಿ ಹಿಡಿದು, ಪೆಟ್ಟಿಗೆಯನ್ನು ಆರಿಸಿಯೇ ನೋಡಬೇಕು. ಬೈಂಡ್ ಮಾಡುವ ಹೊತ್ತು ಮತ್ತು ಆರಿಸಿ ನೋಡುವ ಈ ಪರೀಕ್ಷೆಯ ಹೊರತು ಉಳಿದೆಲ್ಲ ಸಮಯದಲ್ಲಿ ಪೆಟ್ಟಿಗೆ ಮೊದಲು ಹೊತ್ತಬೇಕು, ಕೊನೆಗೆ ಆರಬೇಕು.

ಗಗನಕಾಂಡ

ಬ್ಯಾಟರಿ ಕೂರಿಸಿದ ಮೇಲೆ ಎರಡು ತೋರುಬೆರಳುಗಳ ತುದಿಯಲ್ಲಿ, ರೆಕ್ಕೆಯ ಮುಂಚೂಣಿಯಿಂದ ಅಗಲದ ಕಾಲು ಭಾಗಕ್ಕಿಂತ ತುಸು ಹಿಂದೆ, ವಿಮಾನವನ್ನು ಎತ್ತಿ ನೋಡಬೇಕು. ಮೂಗು ಸ್ವಲ್ಪ ತಗ್ಗಿದರೆ ಚಿಂತೆಯಿಲ್ಲ. ಬಾಲ ತಗ್ಗಿದರೆ ಮನೆಗೆ ಹೋಗಬೇಕು. ಬಾಲದ ಭಾರವನ್ನು ಎಲಿವೇಟರ್ ಟ್ರಿಮ್ಮಿನಿಂದ ಸರಿದೂಗಿಸುತ್ತೇನೆನ್ನುವವನು ಪೆಟ್ಟಿಗೆವಾದಿಗಳಲ್ಲಿ ಚರಮಪಂಥಿ. ಅವನೊಡನೆ ವಾದ ನಿಷಿದ್ಧ.

ಭಾವ ವಿಮಾನವನ್ನು ತಲೆಯೆತ್ತರಕ್ಕೆ ಹಿಡಿದು ಗಾಳಿಯ ಎದುರಿಗೆ ನಾಲ್ಕು ಹೆಜ್ಜೆ ಓಡಿ ಬಿಟ್ಟರು. ಅದು ಒಮ್ಮೆ ತಗ್ಗಿ, ಕೂಳೆಯ ಮೇಲೆ ಹಾದು, ಎದ್ದಿತು. ಕೂಡಲೇ ಎಡಕ್ಕೆ ಎಳೆಯಿತು. ಬದುವಿನ ಮೇಲೆ ಕೂತಿದ್ದ ಯಜಮಾನರು “ಹೋತ್, ಹೋತ್” ಎಂದರು. ಮಾಣಿಯ ಹೆಬ್ಬೆರಳು ಟ್ರಿಮ್ಮಿನ ಮೇಲೆ ಪಿಕ್ ಪಿಕ್ ಎಂದು ಹೊಡೆದುಕೊಳ್ಳತೊಡಗಿತು.

ಶಾಸ್ತ್ರ ಇಲ್ಲಿ ತಡೆಯುತ್ತದೆ. ಏರುತ್ತಿರುವಾಗ ಟ್ರಿಮ್ ಮಾಡಬಾರದು. ಸಾಕಷ್ಟು ಎತ್ತರಕ್ಕೆ ಒಯ್ದು, ಅರ್ಧ ಥ್ರಾಟಲಿಗೆ ಇಳಿಸಿ, ಗಾಳಿಯ ಎದುರಿಗೆ ನೇರ ಮಾಡಿ, ಕಡ್ಡಿ ಬಿಡಬೇಕು. ಕಡ್ಡಿ ಬಿಡುವ ಧೈರ್ಯವೇ ಅಧಿಕಾರಿಯ ಲಕ್ಷಣ. ಬಿಟ್ಟಾಗ ಮೂಗು ಏಳುವುದೋ ತಗ್ಗುವುದೋ ನೋಡಿ ಎಲಿವೇಟರ್, ಆಮೇಲೆ ಯಾವ ರೆಕ್ಕೆ ತಗ್ಗುವುದೆಂದು ನೋಡಿ ಐಲೆರಾನ್, ಕೊನೆಗೆ ಬಾಲದ ಚುಕ್ಕಾಣಿಯಾದ ರಡರ್. ಇದು ಕ್ರಮ.

ಎಡಕ್ಕೆ ಎಳೆಯುವುದಕ್ಕೆ ಕಾರಣ ಒಂದೇ ಅಲ್ಲ. ಥ್ರಾಟಲ್ ಏರಿಸಿದಾಗ ಎಳೆದು, ತೆಗೆದಾಗ ನೇರವಾದರೆ ದೋಷ ಮೋಟಾರಿನದು. ಹಿಂದಿನಿಂದ ನೋಡಿದಾಗ ಬಲಕ್ಕೆ ಸುತ್ತುವ ಪ್ರೊಪೆಲ್ಲರ್ ಇಡೀ ಒಡಲನ್ನು ಎಡಕ್ಕೆ ಹೊರಳಿಸಲು ನೋಡುತ್ತದೆ. ಅದಕ್ಕೆ ಮದ್ದು ಮೋಟಾರಿನ ಎಡ ತಿರುಪಿನ ಕೆಳಗೆ ವಾಷರ್ ಹಾಕಿ ಮೂತಿಯನ್ನು ಎರಡು ಡಿಗ್ರಿ ಬಲಕ್ಕೆ ತಿರುಗಿಸುವುದು. ಥ್ರಾಟಲ್ ತೆಗೆದ ಮೇಲೂ ಎಳೆದರೆ ರೆಕ್ಕೆ ತಿರುಚಿರಬಹುದು. ಮಾಣಿ ಥ್ರಾಟಲ್ ತೆಗೆದ. ನೇರ ಹೋಯಿತು. ಏರಿಸಿದ. ಎಡಕ್ಕೆ. ತೆಗೆದ. ನೇರ. ತನ್ನ ಪಕ್ಷಕ್ಕೆ ಒಂದೂ ಪ್ರಮಾಣ ಸಿಗದ ಬೇಸರ ಅವನ ಮುಖದಲ್ಲಿ ಕಂಡಿತು. ಭಾವ ಆಗಲೇ ಜೇಬಿನಿಂದ ವಾಷರ್ ತೆಗೆದು ಯಜಮಾನರಿಗೆ ತೋರಿಸುತ್ತಿದ್ದರು.

ವಿಮಾನ ದೂರ ಹೋಗುವಾಗ ಬಲ ಬಲವೇ. ತಿರುಗಿ ನಮ್ಮತ್ತ ಬರುವಾಗ ನೋಡುವವನಿಗೆ ಬಲ ಎಡವಾಗುತ್ತದೆ. ಇದಕ್ಕೆ ಶಾಸ್ತ್ರದಲ್ಲಿ ಸುಲಭ ಪರಿಹಾರವಿದೆ: ಬರುವ ವಿಮಾನದ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಕಡ್ಡಿ ಒತ್ತು, ಅದು ಏಳುತ್ತದೆ. ಮಾಣಿ ಈ ಶ್ಲೋಕಾರ್ಧವನ್ನು ಜಗಲಿಯ ಮೇಲೆ ತಪ್ಪಿಲ್ಲದೆ ಒಪ್ಪಿಸಿದ್ದ. ಗದ್ದೆಯ ಮೇಲೆ ಅವನಿಗೆ ಇನ್ನೊಂದರ್ಧ ನೆನಪಾಯಿತು.

ಪ್ಲಾಂಟೇಶನ್ನಿನೊಳಗೆ ಒಣ ಎಲೆಗಳ ಮೇಲೆ ಬಿದ್ದ ಸದ್ದು ಬದುವಿನವರೆಗೂ ಕೇಳಿಸಿತು. ಸಾಗವಾನಿಯ ತರಗು ಮಾತ್ರ ಆ ಸದ್ದು ಮಾಡಬಲ್ಲದು. ಆ ಸದ್ದಿಗೆ ಮರದ ಮೇಲಿದ್ದ ಮಂಗಗಳೆಲ್ಲ ಹೆದ್ದಾರಿಯ ಆಚೆಗೆ ಓಡಿಹೋದವು. ಯಜಮಾನರು ಎದ್ದು ನಿಂತು, ಪಂಚೆ ಕೊಡವಿ, ಇದಕ್ಕೆ ಎಷ್ಟು ಖರ್ಚಾಗ್ತದೆ, ದಿನಾ ಬರಲಿಕ್ಕೆ ಆಗ್ತದೋ ಎಂದು ವಿಚಾರಿಸಿದರು. ವ್ಯಾಪಾರದ ಉದ್ದೇಶ ಬಂದೊಡನೆ ಪರವಾನಗಿಯ ಪ್ರಶ್ನೆ ಏಳುವುದರಿಂದ ಗ್ರಂಥಕಾರ ಉತ್ತರಿಸಲಿಲ್ಲ.

ಕ್ರಮಪ್ರಕಾರ ಇಲ್ಲಿ ರಡರ್ ಟ್ರಿಮ್ಮಿನ ಅಧ್ಯಾಯ ಬರಬೇಕು. ಪ್ರಕೃತ ವಿಮಾನದಲ್ಲಿ ರಡರ್ ಉಳಿದಿಲ್ಲವಾದ್ದರಿಂದ ಅದನ್ನು ಕೈಬಿಟ್ಟಿದೆ.